ಬಿಸಿ ನೀರು, ಹೆಪ್ಪುಗಟ್ಟಿದ ನೀರು, ದಾರಿ ಕಾಣದ ನೀರು

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳಲ್ಲಿ ಕೆಲವು ಫೋಟೊಗಳು ಇದ್ದೇ ಇರುತ್ತವೆ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬಿಳಿ ಬೂಟು ಹಾಕಿಕೊಂಡ ಅಮ್ಮ, ಪಕ್ಕದಲ್ಲಿ ಮಂಕಿ ಕ್ಯಾಪಿನ ಅಪ್ಪ, ಇಬ್ಬರ ಬೆನ್ನ ಹಿಂದೆ ಕಣ್ಣು ಹಾಯುವಷ್ಟು ದೂರ ಕೆಂಪು ಕಮರಿ. ಇನ್ನೊಂದರಲ್ಲಿ ನೆಲದಿಂದ ನೆಟ್ಟಗೆ ಎದ್ದು ನಿಂತ ಬಿಸಿನೀರಿನ ಕಂಬ. ಇದೇನು ಅಂತ ಕೇಳಿದರೆ "ಗ್ರ್ಯಾಂಡ್ ಕ್ಯಾನ್ಯನ್" ಅನ್ನುತ್ತಾರೆ, "ಯೆಲ್ಲೋಸ್ಟೋನ್" ಅನ್ನುತ್ತಾರೆ. ಊರಿನ ಹೆಸರು ಸಿಕ್ಕಿತು, ಸರಿ. ನೀರು ಯಾಕೆ ಹಾಗೆ ಹಾರುತ್ತದೆ, ನೆಲ ಯಾಕೆ ಹಾಗೆ ಸೀಳಿದೆ ಅನ್ನುವುದು ಉಳಿದೇ ಹೋಯಿತು.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ರಾಷ್ಟ್ರೀಯ ಉದ್ಯಾನ ಎಂದ ಕೂಡಲೇ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆ. ಅಂದರೆ ಹುಲಿ, ಆನೆ, ಸಫಾರಿ ಜೀಪು. ಅಮೆರಿಕದ 63 ರಾಷ್ಟ್ರೀಯ ಉದ್ಯಾನಗಳಲ್ಲೂ ಕರಡಿ, ತೋಳ, ಬೈಸನ್ ಉಂಟು. ಆದರೆ ಅವುಗಳಲ್ಲಿ ಹೆಸರಾದ ಹಲವನ್ನು ಕಾಯ್ದಿಟ್ಟಿದ್ದು ನೆಲದ ರೂಪಕ್ಕಾಗಿ. 1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಹಾಕಿ ಯೆಲ್ಲೋಸ್ಟೋನನ್ನು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಮಾಡಿದಾಗ ಎಲ್ಲರ ಬಾಯಲ್ಲಿದ್ದುದು ಅಲ್ಲಿನ ಬಿಸಿನೀರಿನ ಬುಗ್ಗೆಗಳ ಮಾತು. ಕಾಡುಪ್ರಾಣಿಗಳ ಮಹತ್ವ ಅವರಿಗೆ ಹೊಳೆದದ್ದು ಆಮೇಲೆ.

ಈ ರೂಪಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾಗಿದ್ದು ಒಬ್ಬನೇ ಕೆಲಸಗಾರ: ನೀರು. ಕಲ್ಲು ಬೇರೆ, ಅದರ ವಯಸ್ಸು ಬೇರೆ, ಹವೆ ಬೇರೆ. ಕೈ ಮಾತ್ರ ಅದೇ. ಒಂದು ಕಡೆ ಆವಿಯಾಗಿ ನುಗ್ಗುತ್ತದೆ, ಇನ್ನೊಂದು ಕಡೆ ಮಂಜುಗಡ್ಡೆಯಾಗಿ ಬಿರುಕಿನಲ್ಲಿ ಕೂರುತ್ತದೆ. ಮತ್ತೊಂದು ಕಡೆ ಹೊರಗೆ ಹೋಗಲು ದಾರಿಯಿಲ್ಲದೆ ನಿಂತಲ್ಲೇ ಆರಿಹೋಗುತ್ತದೆ.

ಯೆಲ್ಲೋಸ್ಟೋನಿನಿಂದಲೇ ಶುರು ಮಾಡೋಣ. ಬಹುಪಾಲು ವಯೋಮಿಂಗ್ ರಾಜ್ಯದಲ್ಲಿರುವ ಈ ಉದ್ಯಾನ ಕೂತಿರುವುದು ಜೀವಂತ ಜ್ವಾಲಾಮುಖಿಯೊಂದರ ಮೇಲೆ. ಆದರೆ ಜ್ವಾಲಾಮುಖಿಯೆಂದರೆ ನಾವು ಚಿತ್ರದಲ್ಲಿ ಬರೆಯುವ ತ್ರಿಕೋನದ ಬೆಟ್ಟ ಅಲ್ಲಿ ಕಾಣುವುದಿಲ್ಲ. 21 ಲಕ್ಷ, 13 ಲಕ್ಷ ಮತ್ತು 6.4 ಲಕ್ಷ ವರ್ಷಗಳ ಹಿಂದೆ ಮೂರು ಭಾರಿ ಸ್ಫೋಟಗಳಾದವು. ಕೊನೆಯದರಲ್ಲಿ ಒಳಗಿನ ಶಿಲಾಪಾಕ ಖಾಲಿಯಾಗಿ ಮೇಲಿನ ನೆಲ ಕುಸಿದು ಸುಮಾರು 70 ಕಿಲೋಮೀಟರ್ ಉದ್ದ, 45 ಕಿಲೋಮೀಟರ್ ಅಗಲದ ಬೋಗುಣಿ ಉಳಿಯಿತು. ಬೆಂಗಳೂರಿನಿಂದ ತುಮಕೂರಿಗೆ ಎಷ್ಟು ದೂರವೋ ಅಷ್ಟು ಉದ್ದದ ಗುಂಡಿ. ಒಳಗೆ ನಿಂತವರಿಗೆ ತಾವು ಗುಂಡಿಯಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಇದು ನಾಳೆಯೋ ನಾಡಿದ್ದೋ ಸಿಡಿಯುತ್ತದೆ ಎಂದು ಯೂಟ್ಯೂಬಿನಲ್ಲಿ ಹೆದರಿಸುವವರಿದ್ದಾರೆ. ಮೂರು ಸ್ಫೋಟಗಳ ನಡುವೆ ಇರುವುದು ಎರಡೇ ಅಂತರ. ಎರಡು ಸಲ ಬಸ್ಸು ಬಂದ ಹೊತ್ತು ನೋಡಿ ವೇಳಾಪಟ್ಟಿ ಬರೆಯುವುದು ಹೇಗೋ ಹಾಗೆ ಈ ಲೆಕ್ಕ. ಅಲ್ಲಿ ಕೊನೆಯ ಬಾರಿ ಲಾವಾ ಹರಿದೇ ಸುಮಾರು 70,000 ವರ್ಷಗಳಾದವು.

ಒಳಗಿನ ಕಾವು ಮಾತ್ರ ಆರಿಲ್ಲ. ಬಿಸಿ ಬುಗ್ಗೆ, ಕೆಸರಿನ ಮಡಕೆ, ಆವಿಯ ರಂಧ್ರ ಎಲ್ಲ ಸೇರಿ ಅಲ್ಲಿ 10,000ಕ್ಕೂ ಹೆಚ್ಚು ಜಾಗಗಳಲ್ಲಿ ಅದು ಹೊರಗೆ ಇಣುಕುತ್ತದೆ. ಅದರಲ್ಲಿ 500ಕ್ಕೂ ಹೆಚ್ಚು ಗೀಸರ್‌ಗಳು, ಅಂದರೆ ಆಗಾಗ ಚಿಮ್ಮುವ ಬಿಸಿನೀರಿನ ಬುಗ್ಗೆಗಳು. ಜಗತ್ತಿನಲ್ಲಿರುವ ಗೀಸರ್‌ಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ಉದ್ಯಾನದಲ್ಲಿವೆ. ಹೆಸರು ನಮ್ಮ ಬಚ್ಚಲುಮನೆಯ ಗೀಸರಿನದೇ. ಐಸ್‌ಲೆಂಡಿನಲ್ಲಿ 'ಗೇಸಿರ್' ಎಂಬ ಹೆಸರಿನ ಚಿಮ್ಮುವ ಬುಗ್ಗೆಯೊಂದಿದೆ. ಆ ಹೆಸರು ಇಂಗ್ಲಿಷಿಗೆ ಹೋಗಿ, ಬ್ರಿಟಿಷರ ಕೈಯಲ್ಲಿ ನೀರು ಕಾಯಿಸುವ ಯಂತ್ರಕ್ಕೂ ಅಂಟಿಕೊಂಡು, ಕೊನೆಗೆ ನಮ್ಮ ಬಚ್ಚಲಿನ ಗೋಡೆಗೆ ಬಂದು ಕೂತಿತು. ಅಮೆರಿಕದವರು ಗೈಸರ್ ಅನ್ನುತ್ತಾರೆ. ಅವರಿಗೆ ಬಚ್ಚಲಲ್ಲಿರುವುದು ಬರೀ ವಾಟರ್ ಹೀಟರ್.

ಬಿಸಿನೀರಿನ ಬುಗ್ಗೆ ನಮ್ಮಲ್ಲೂ ಇದೆ. ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರುತೀರ್ಥದಲ್ಲಿ ಬೆಚ್ಚನೆಯ ನೀರು ಜಿನುಗುತ್ತದೆ. ಆದರೆ ಅದು ಚಿಮ್ಮುವುದಿಲ್ಲ. ಚಿಮ್ಮಬೇಕಾದರೆ ಬಿಸಿ ಮತ್ತು ನೀರಿನ ಜೊತೆ ಮೂರನೆಯದೊಂದು ಬೇಕು: ಬಿಗಿಯಾದ ಕೊಳವೆ. ನೀರು ಸಲೀಸಾಗಿ ಮೇಲೆ ಬಂದರೆ ಬುಗ್ಗೆಯಾಗುತ್ತದೆ, ದಾರಿಯಲ್ಲಿ ಎಲ್ಲೋ ಗಂಟಲು ಕಟ್ಟಿದರೆ ಗೀಸರ್ ಆಗುತ್ತದೆ.

ಇದನ್ನು ತಿಳಿಯಲು ಪ್ರೆಷರ್ ಕುಕ್ಕರ್ ಸಾಕು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನ ಮುಚ್ಚಳ ಬಿಗಿದು ವೆಯ್ಟ್ ಇಟ್ಟರೆ ಒತ್ತಡದಿಂದಾಗಿ 120 ಡಿಗ್ರಿಯ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಗೀಸರ್‌ನಲ್ಲಿ ಆ ವೆಯ್ಟ್‌ನ ಕೆಲಸವನ್ನು ಕೊಳವೆಯಲ್ಲಿ ಮೇಲೆ ನಿಂತ ನೀರೇ ಮಾಡುತ್ತದೆ. ತಳದ ನೀರು 100 ಡಿಗ್ರಿ ದಾಟಿದರೂ ಮೇಲಿನ ಭಾರ ಅದನ್ನು ಕುದಿಯಲು ಬಿಡುವುದಿಲ್ಲ. ಕಾವು ಏರುತ್ತಲೇ ಇರುತ್ತದೆ. ಕೊನೆಗೆ ಕೆಲವು ಆವಿಗುಳ್ಳೆಗಳು ಮೇಲೆ ತೂರಿ ಒಂದಿಷ್ಟು ನೀರನ್ನು ಬಾಯಿಂದ ಹೊರಚೆಲ್ಲುತ್ತವೆ. ಅಷ್ಟು ಭಾರ ಇಳಿದದ್ದೇ ತಡ, ಕೆಳಗಿನ ನೀರಿಗೆ ಮುಚ್ಚಳ ತೆಗೆದಂತಾಗುತ್ತದೆ. ಒಂದು ಲೋಟ ನೀರು ಪೂರ್ತಿ ಆವಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಬೇಡುತ್ತದೆ. ಹಬೆ ಹಿಗ್ಗುತ್ತ ಮೇಲಿನ ನೀರನ್ನು ಹೊರದೂಡುತ್ತದೆ, ಭಾರ ಮತ್ತೂ ಇಳಿಯುತ್ತದೆ, ಮತ್ತಷ್ಟು ನೀರು ಹಬೆಯಾಗುತ್ತದೆ. ಕುಕ್ಕರ್ ಆರುವ ಮೊದಲೇ ಮುಚ್ಚಳ ತೆಗೆದು ಅಡುಗೆಮನೆಯ ಸೂರಿಗೆಲ್ಲ ಬೇಳೆ ಅಂಟಿಸಿಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಓಲ್ಡ್ ಫೇತ್‌ಫುಲ್. ನಂಬಿಕಸ್ಥ ಮುದುಕ ಎಂಬರ್ಥದ ಈ ಹೆಸರನ್ನು 1870ರಲ್ಲಿ ಬಂದ ಅನ್ವೇಷಕರ ತಂಡ ಇಟ್ಟಿತು. ಅದರ ಕೊಳವೆ ಸುಮಾರು 7 ಮೀಟರ್ ಆಳದಲ್ಲಿ ಅಂಗೈಯಷ್ಟೇ ಅಗಲಕ್ಕೆ ಕಿರಿದಾಗುತ್ತದೆ. ಗಂಟಲು ಕಟ್ಟುವುದು ಅಲ್ಲಿ. ಒಮ್ಮೆ ಚಿಮ್ಮಿದರೆ ಒಂದೂವರೆಯಿಂದ ಐದು ನಿಮಿಷ, ಎತ್ತರ 30ರಿಂದ 55 ಮೀಟರ್, ಹೊರಬೀಳುವ ನೀರು 14,000ದಿಂದ 32,000 ಲೀಟರ್. ಅಂದರೆ ಎರಡು ಮೂರು ಟ್ಯಾಂಕರ್.

ಗಡಿಯಾರದಂತೆ ಗಂಟೆಗೊಮ್ಮೆ ಚಿಮ್ಮುತ್ತದೆ ಅನ್ನುವುದು ಕಟ್ಟುಕತೆ. ಈಗಿನ ಸರಾಸರಿ ಅಂತರ ಸುಮಾರು ಒಂದೂವರೆ ಗಂಟೆ. ಆದರೂ ಅದರ ಪಕ್ಕದಲ್ಲಿ ಮುಂದಿನ ಹೊತ್ತನ್ನು ಬೋರ್ಡಿನಲ್ಲಿ ಬರೆದಿಡುತ್ತಾರೆ, ಅದು ಹೆಚ್ಚುಕಡಿಮೆ ನಿಜವೂ ಆಗುತ್ತದೆ. ಗುಟ್ಟು ಸರಳ: ಹಿಂದಿನ ಸಲ ಎಷ್ಟು ಹೊತ್ತು ಚಿಮ್ಮಿತು ನೋಡಬೇಕು. ಕಡಿಮೆ ಹೊತ್ತು ಚಿಮ್ಮಿದರೆ ಒಳಗೆ ಇನ್ನೂ ನೀರು ಉಳಿದಿದೆ, ಬೇಗ ಸಿದ್ಧವಾಗುತ್ತದೆ. ಹೆಚ್ಚು ಹೊತ್ತು ಚಿಮ್ಮಿದರೆ ಕೊಳವೆ ಖಾಲಿಯಾಗಿದೆ, ತುಂಬಿ ಕಾಯಲು ಸಮಯ ಬೇಕು. ಓವರ್‌ಹೆಡ್ ಟ್ಯಾಂಕಿನ ಲೆಕ್ಕ ಬಲ್ಲ ಯಾರಿಗೂ ಇದು ಅರ್ಥವಾಗುತ್ತದೆ.

ಕೊಳವೆ ಇಷ್ಟು ಗಟ್ಟಿಯಾಗಿ ಉಳಿಯುವುದಕ್ಕೆ ಅಲ್ಲಿನ ಕಲ್ಲು ಕಾರಣ. ರಯೊಲೈಟ್ ಎಂಬ ಈ ಜ್ವಾಲಾಮುಖಿ ಕಲ್ಲಿನಲ್ಲಿ ಸಿಲಿಕಾ ಹೇರಳ. ಬಿಸಿನೀರು ಅದನ್ನು ಕರಗಿಸಿ ಮೇಲೆ ತರುತ್ತದೆ, ತಣ್ಣಗಾಗುವಾಗ ಕೊಳವೆಯ ಒಳಗೋಡೆಗೆ ಗಾರೆಯಂತೆ ಬಳಿಯುತ್ತದೆ. ನೀರು ತನ್ನ ಪೈಪನ್ನು ತಾನೇ ಕಟ್ಟಿಕೊಳ್ಳುತ್ತದೆ, ತಾನೇ ಪ್ಲಾಸ್ಟರ್ ಮಾಡಿಕೊಳ್ಳುತ್ತದೆ. ಭೂಕಂಪವಾದರೆ ಈ ಪ್ಲಂಬಿಂಗ್ ಅದಲುಬದಲಾಗುತ್ತದೆ. 1959ರ ಆಗಸ್ಟಿನಲ್ಲಿ ಪಕ್ಕದ ಹೆಬ್ಗೆನ್ ಸರೋವರದ ಹತ್ತಿರ 7.3 ತೀವ್ರತೆಯ ಕಂಪನವಾದಾಗ ಯೆಲ್ಲೋಸ್ಟೋನಿನ ನೂರಾರು ಬುಗ್ಗೆಗಳ ನಡತೆಯೇ ಬದಲಾಯಿತು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬರಗಾಲದ ಕಥೆ. ಓಲ್ಡ್ ಫೇತ್‌ಫುಲ್‌ನ ದಿಬ್ಬದ ಮೇಲೆ ಸಿಲಿಕಾ ಮೆತ್ತಿಕೊಂಡು ಕಲ್ಲಿನಂತಾದ ಮರದ ತುಂಡುಗಳು ಸಿಕ್ಕಿದ್ದವು. ಕುದಿಯುವ ನೀರು ದಿನವೂ ಸುರಿಯುವ ಜಾಗದಲ್ಲಿ ಮರ ಬೆಳೆಯುವುದುಂಟೇ? ವಯಸ್ಸು ಅಳೆದಾಗ ಅವು 13 ಮತ್ತು 14ನೇ ಶತಮಾನದವು ಎಂದು ತಿಳಿಯಿತು. ಅಮೆರಿಕದ ಪಶ್ಚಿಮ ಭಾಗದಲ್ಲಿ ಆಗ ದೀರ್ಘ ಬರ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಹೊತ್ತಿನಲ್ಲಿ ಅಲ್ಲಿ ನೆಲದೊಳಗೆ ನೀರು ಇಳಿಯದೆ ಗೀಸರ್ ದಶಕಗಳ ಕಾಲ ಬಾಯಿ ಮುಚ್ಚಿತ್ತು, ಅದರ ತಲೆಯ ಮೇಲೆ ಪೈನ್ ಮರಗಳು ಬೆಳೆದಿದ್ದವು. 2020ರಲ್ಲಿ ಪ್ರಕಟವಾದ ಸಂಶೋಧನೆ ಇದು. ಒಲೆ ಉರಿಯುತ್ತಲೇ ಇತ್ತು, ಪಾತ್ರೆಯಲ್ಲಿ ನೀರಿರಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬುಗ್ಗೆಯಿದೆ. ಅಗಲ ಸುಮಾರು 110 ಮೀಟರ್. ಮೇಲಿಂದ ನೋಡಿದರೆ ನಡುವೆ ಕಡುನೀಲಿ, ಸುತ್ತ ಹಸಿರು, ಹಳದಿ, ಕಿತ್ತಳೆ, ಅಂಚಿನಲ್ಲಿ ಕಂದು. ಫೋಟೊ ನೋಡಿದವರು ಬಣ್ಣ ಕೂಡಿಸಿದ್ದಾರೆ ಎಂದೇ ತಿಳಿಯುತ್ತಾರೆ. ಅದು ನಿಜಕ್ಕೂ ಒಂದು ಥರ್ಮಾಮೀಟರ್. ನಡುವಿನ ನೀರು ಕುದಿಯುವ ಬಿಂದುವಿಗೆ ಹತ್ತಿರ. ಬಣ್ಣದ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಆಳದ ಶುದ್ಧ ನೀರಿನ ನೀಲಿ ಮಾತ್ರ ಕಾಣುತ್ತದೆ. ನೀರು ಅಂಚಿಗೆ ಹರಿಯುತ್ತ ತಣಿದಂತೆ ಒಂದೊಂದು ಉಷ್ಣತೆಗೆ ಒಗ್ಗಿದ ಒಂದೊಂದು ಜೀವಿಸಮೂಹ ಚಾಪೆಯಂತೆ ಹರಡುತ್ತದೆ. ಹಳದಿಯ ಪಟ್ಟಿ ಇರುವಲ್ಲಿ ಸುಮಾರು 70 ಡಿಗ್ರಿ. ಹೊರಗೆ ಹೋದಷ್ಟೂ ಕಡಿಮೆ. ಹಳದಿ ಮತ್ತು ಕಿತ್ತಳೆ ಬರುವುದು ಕ್ಯಾರೆಟ್ಟಿಗೆ ಬಣ್ಣ ಕೊಡುವ ಕೆರೋಟಿನಾಯ್ಡ್‌ಗಳಿಂದ. ಬೇಸಿಗೆಯ ಬಿರುಬಿಸಿಲಿನಲ್ಲಿ ಇವು ಕೊಡೆಯಂತೆ ಜೀವಿಯನ್ನು ಕಾಯುತ್ತವೆ, ಹಾಗಾಗಿ ಬಣ್ಣ ಗಾಢ. ಚಳಿಗಾಲದಲ್ಲಿ ಹಸಿರು ಮೇಲುಗೈ.

ಈ ಚಾಪೆಗಳು ನಮಗೆ ಸಂಬಂಧವಿಲ್ಲದ ವಿಷಯ ಅಂದುಕೊಳ್ಳಬೇಡಿ. 1966ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಯೆಲ್ಲೋಸ್ಟೋನಿನ ಒಂದು ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ಸಂಗ್ರಹಿಸಿದರು. ಡಿಎನ್‌ಎಯನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ವಿಧಾನವನ್ನು ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಕೊಂಡಾಗ ಒಂದು ತೊಡಕಿತ್ತು. ಪ್ರತಿ ಸುತ್ತಿನಲ್ಲೂ ಮಾದರಿಯನ್ನು 95 ಡಿಗ್ರಿಯಷ್ಟು ಕಾಯಿಸಬೇಕು. ಪ್ರತಿ ತೆಗೆಯುವ ಮಾಮೂಲಿ ಕಿಣ್ವ ಆ ಬಿಸಿಗೆ ಮೊಟ್ಟೆಯ ಲೋಳೆಯಂತೆ ಹೆಪ್ಪುಗಟ್ಟಿ ಕೆಡುತ್ತದೆ, ಸುತ್ತಿಗೊಮ್ಮೆ ಹೊಸದು ಹಾಕಬೇಕು. ಬಿಸಿನೀರಿನಲ್ಲೇ ಹುಟ್ಟಿ ಬೆಳೆದ ಈ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಆ ಗೊಡವೆಯಿಲ್ಲ. ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಆರ್‌ಟಿ-ಪಿಸಿಆರ್ ವರದಿಗಾಗಿ ಎರಡು ದಿನ ಕೋಣೆಯಲ್ಲಿ ಕೂತ ನಾವೆಲ್ಲ ಈ ಬುಗ್ಗೆಯ ಋಣದಲ್ಲಿದ್ದೇವೆ. ಪಿಸಿಆರ್‌ನ ಪೇಟೆಂಟ್ 30 ಕೋಟಿ ಡಾಲರಿಗೆ ಮಾರಾಟವಾದಾಗ ಉದ್ಯಾನಕ್ಕೆ ಬಿಡಿಗಾಸೂ ಬರಲಿಲ್ಲ.

ಆವಿಯ ಆರ್ಭಟ ಸಾಕು. ಈಗ ಮಂಜಿನ ಮೆಲ್ಲಗಿನ ಕೆಲಸಕ್ಕೆ ಬರೋಣ, ಅದೂ ನೀರೇ ಇಲ್ಲ ಎನ್ನುವಂಥ ಊರಿನಲ್ಲಿ.

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜಗತ್ತಿನ ಅತಿ ಹೆಚ್ಚು ಉಷ್ಣತೆಯೆಂಬ ದಾಖಲೆ ಇವತ್ತಿಗೂ ಅದರದ್ದೇ. ಅದರ ತಗ್ಗಿನ ಜಾಗ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಇದೇ ಉದ್ಯಾನದ ಎತ್ತರದ ಮೂಲೆಯಲ್ಲಿ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಂಗಳವಿದೆ. ಕೇರಂ ಬೋರ್ಡಿನಂತೆ ಸಪಾಟು. ಅದರ ಮೇಲೆ ಅಲ್ಲಲ್ಲಿ ಕಲ್ಲುಗಳು, ಕೆಲವು 300 ಕಿಲೋ ತೂಗುವಂಥವು. ಪ್ರತಿ ಕಲ್ಲಿನ ಹಿಂದೆ ನೆಲದಲ್ಲಿ ಉದ್ದನೆಯ ಗೀರು, ಯಾರೋ ಎಳೆದುಕೊಂಡು ಹೋದ ಹಾಗೆ. ಸುತ್ತ ಹೆಜ್ಜೆಗುರುತಿಲ್ಲ. ಗಾಳಿ ಅಂದರು, ಜಾರುವ ಪಾಚಿ ಅಂದರು, ಕಿಡಿಗೇಡಿಗಳು ಅಂದರು, ಕೊನೆಗೆ ಬೇರೆ ಗ್ರಹದವರೂ ಬಂದರು. ದಶಕಗಳ ಕಾಲ ಕಲ್ಲು ಚಲಿಸಿದ್ದನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ.

ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಎಂಬ ಇಬ್ಬರು ಸೋದರಸಂಬಂಧಿಗಳು ಕಲ್ಲುಗಳಿಗೆ ಜಿಪಿಎಸ್ ಕೂರಿಸಿ ಕಾದರು. ಉದ್ಯಾನದ ಕಲ್ಲಿಗೆ ತೂತು ಕೊರೆಯಲು ಅನುಮತಿ ಸಿಗಲಿಲ್ಲ, ಹೊರಗಿನಿಂದ ಕಲ್ಲು ಹೊತ್ತು ತಂದರು. 2013ರ ಡಿಸೆಂಬರಿನಲ್ಲಿ ಅವರು ಅಲ್ಲಿಗೆ ಹೋದಾಗ ಅಂಗಳದಲ್ಲಿ ಕೆಲವೇ ಸೆಂಟಿಮೀಟರ್ ಆಳದ ನೀರು ನಿಂತಿತ್ತು. ರಾತ್ರಿ ಅದರ ಮೇಲೆ ಕಿಟಕಿಯ ಗಾಜಿನಷ್ಟು ತೆಳುವಾದ, ಮೂರರಿಂದ ಆರು ಮಿಲಿಮೀಟರ್ ದಪ್ಪದ ಮಂಜು ಕಟ್ಟುತ್ತಿತ್ತು. ಬೆಳಗಿನ ಬಿಸಿಲಿಗೆ ಆ ಹಾಳೆ ಬಿರುಕು ಬಿಟ್ಟು ದೊಡ್ಡ ದೊಡ್ಡ ಹಲಗೆಗಳಾಗುತ್ತಿತ್ತು. ಹಗುರ ಗಾಳಿ ಬೀಸಿದರೂ ಸಾಕು, ಅಗಲವಾದ ಹಲಗೆ ಹಾಯಿಯಂತೆ ಗಾಳಿ ಹಿಡಿದು ತೇಲುತ್ತ ಕಲ್ಲಿಗೆ ಒತ್ತುತ್ತದೆ. ಕೆಳಗೆ ನೆನೆದ ಜೇಡಿ ಬೆಣ್ಣೆಯಂತೆ ನುಣುಪು. ಕಲ್ಲು ನಿಮಿಷಕ್ಕೆ ಎರಡರಿಂದ ಐದು ಮೀಟರ್ ಜಾರುತ್ತದೆ. ಡಿಸೆಂಬರ್ 20ರಂದು ಅವರ ಕಣ್ಣೆದುರೇ 60ಕ್ಕೂ ಹೆಚ್ಚು ಕಲ್ಲುಗಳು ಹೊರಟವು.

ಇಷ್ಟು ದಿನ ಯಾರಿಗೂ ಕಾಣದೆ ಹೋದದ್ದಕ್ಕೆ ಒಂದು ಕಾರಣ ಬಹಳ ಚೆನ್ನಾಗಿದೆ. ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ಯಾವುದು ಚಲಿಸುತ್ತಿದೆ ಎಂದು ತಿಳಿಯಲು ನಮಗೆ ಪ್ಲಾಟ್‌ಫಾರ್ಮ್ ಕಾಣಬೇಕು. ಇಲ್ಲಿ ಅಕ್ಕಪಕ್ಕದ ಕಲ್ಲುಗಳೆಲ್ಲ ಒಟ್ಟಿಗೆ, ಒಂದೇ ದಿಕ್ಕಿಗೆ, ಆಮೆನಡಿಗೆಯಲ್ಲಿ ಹೊರಟರೆ ದೂರದಿಂದ ನೋಡುವವನಿಗೆ ಎಲ್ಲವೂ ನಿಂತ ಹಾಗೆಯೇ.

ಅಲ್ಲಿ ಮಂಜು ತಳ್ಳಿದರೆ, ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್‌ನಲ್ಲಿ ಅದು ಸೀಳುತ್ತದೆ. ಹೆಸರಿನಲ್ಲಿ ಕಮರಿ ಇದ್ದರೂ ಬ್ರೈಸ್ ಕಮರಿಯಲ್ಲ, ನದಿ ಕೊರೆದದ್ದಲ್ಲ. ಪ್ರಸ್ಥಭೂಮಿಯ ಅಂಚು ಕುಸಿದು ಬಟ್ಟಲಿನಂತಾದ ಜಾಗದಲ್ಲಿ ಸಾವಿರಾರು ಕಿತ್ತಳೆ, ಗುಲಾಬಿ ಕಂಬಗಳು ನಿಂತಿವೆ. ಹೂಡೂ ಎನ್ನುತ್ತಾರೆ. ಕಲ್ಲು ಸುಮಾರು 5 ಕೋಟಿ ವರ್ಷ ಹಿಂದಿನ ಸಿಹಿನೀರ ಸರೋವರಗಳ ತಳದಲ್ಲಿ ಕೂತ ಸುಣ್ಣಕಲ್ಲು. ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ.

ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರ್ ಎತ್ತರದ ಈ ಜಾಗದಲ್ಲಿ ವರ್ಷಕ್ಕೆ ಸುಮಾರು 200 ದಿನ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಹವೆ. ಹಿಮ ಕರಗಿದ ನೀರು ಹಗಲು ಬಿರುಕಿಗೆ ಇಳಿಯುತ್ತದೆ. ರಾತ್ರಿ ಮಂಜಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತವರಿಗೆ ಬೆಳಿಗ್ಗೆ ಏನು ಕಾಣುತ್ತದೆಯೋ ಅದೇ ಇಲ್ಲಿ ವರ್ಷಕ್ಕೆ ಇನ್ನೂರು ಸಲ ನಡೆಯುತ್ತದೆ. ಪ್ರಸ್ಥಭೂಮಿಯ ಅಂಚು ಮೊದಲು ತೆಳ್ಳನೆಯ ಗೋಡೆಗಳಾಗುತ್ತದೆ, ಗೋಡೆಯಲ್ಲಿ ಕಿಂಡಿ ಬೀಳುತ್ತದೆ, ಕಿಂಡಿಯ ಮೇಲ್ಚಾವಣಿ ಕುಸಿದಾಗ ಅತ್ತಿತ್ತ ಕಂಬಗಳು ಉಳಿಯುತ್ತವೆ. ತಲೆಯ ಮೇಲೆ ಗಟ್ಟಿ ಕಲ್ಲಿನ ಟೋಪಿ ಇರುವವರೆಗೆ ಕಂಬಕ್ಕೆ ಆಯಸ್ಸು. ಇದರ ಜೊತೆ ಮಳೆನೀರಿನ ಸಣ್ಣ ಹುಳಿ ಸುಣ್ಣಕಲ್ಲನ್ನು ನೆಕ್ಕಿ ಮೂಲೆಗಳನ್ನು ದುಂಡಗೆ ಮಾಡುತ್ತದೆ.

ಅಲ್ಲಿನ ಮೂಲನಿವಾಸಿ ಪಾಯೂಟ್ ಜನರ ಕಥೆಯಲ್ಲಿ ಈ ಕಂಬಗಳೆಲ್ಲ ಹಿಂದೊಮ್ಮೆ ಜನ. ತಪ್ಪು ಮಾಡಿದ್ದಕ್ಕೆ ಕಾಯೋಟಿ ಎಂಬ ಮಾಯಾವಿ ಅವರನ್ನು ಕಲ್ಲಾಗಿಸಿದ. ಅಹಲ್ಯೆಯ ಕಥೆ ಕೇಳಿ ಬೆಳೆದ ನಮಗೆ ಇದು ಪರಿಚಿತ ದಾರಿಯೇ. ಉದ್ಯಾನಕ್ಕೆ ಹೆಸರು ಬಂದದ್ದು ಅಲ್ಲಿ ದನ ಸಾಕಿಕೊಂಡಿದ್ದ ಎಬೆನೀಜರ್ ಬ್ರೈಸ್‌ನಿಂದ. ಹಸು ಕಳೆದುಕೊಳ್ಳಲು ಇದಕ್ಕಿಂತ ಕೆಟ್ಟ ಜಾಗ ಇನ್ನಿಲ್ಲ ಎಂಬರ್ಥದ ಮಾತು ಅವನದೆಂದು ಹೇಳುತ್ತಾರೆ. ಪ್ರವಾಸಿಗರ ವರ್ಣನೆಗಳಿಗಿಂತ ನನಗೆ ಅದೇ ಪ್ರಾಮಾಣಿಕ ಅನ್ನಿಸುತ್ತದೆ.

ಇನ್ನು ಹರಿಯುವ ನೀರು. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ 446 ಕಿಲೋಮೀಟರ್ ಉದ್ದ, ಅಗಲವಾದಲ್ಲಿ 29 ಕಿಲೋಮೀಟರ್, ಆಳ ಸುಮಾರು 1,600 ಮೀಟರ್. ಅಂಚಿನಲ್ಲಿ ನಿಂತರೆ ತಳದ ಕೊಲರಾಡೊ ನದಿ ದಾರದಂತೆ ಕಾಣುತ್ತದೆ. ಇಷ್ಟು ಸಣ್ಣ ನದಿ ಇಷ್ಟು ದೊಡ್ಡ ಗುಂಡಿ ತೋಡಿತೇ ಎಂದು ಯಾರಿಗಾದರೂ ಅನುಮಾನ ಬರಬೇಕು. ನದಿ ಮಾಡಿದ್ದು ಆಳ, ಅಗಲವಲ್ಲ. ಭೂಮಿಯೊಳಗಿನ ಬಲಗಳು ಇಡೀ ಪ್ರಸ್ಥಭೂಮಿಯನ್ನು ಮೇಲೆತ್ತಿದ್ದರಿಂದ ನದಿಗೆ ಇಳಿಜಾರು ಸಿಕ್ಕಿತು. ಅದು ಹೊತ್ತ ಮರಳು, ಗುಂಡುಕಲ್ಲುಗಳೇ ಅರದಂತೆ ತಳವನ್ನು ಉಜ್ಜಿದವು. ಈಗ ಕಾಣುವ ಕಮರಿಯ ಬಹುಪಾಲು ಕೆಲಸ ಕಳೆದ 50-60 ಲಕ್ಷ ವರ್ಷಗಳದ್ದು ಎಂಬುದು ಹೆಚ್ಚಿನವರ ಅಭಿಪ್ರಾಯ. ಕೆಲವು ಭಾಗಗಳು ಅದಕ್ಕಿಂತ ಬಹಳ ಹಳೆಯವೆಂದು ವಾದಿಸುವವರೂ ಇದ್ದಾರೆ. ಅಗಲ ಮಾಡಿದ್ದು ಪಕ್ಕದ ಹಳ್ಳಗಳು, ದಿಢೀರ್ ಮಳೆ, ಬಿರುಕಿನ ಮಂಜು, ಕುಸಿತ. ಗಟ್ಟಿ ಸುಣ್ಣಕಲ್ಲು, ಮರಳುಕಲ್ಲು ಇದ್ದಲ್ಲಿ ನೇರ ಗೋಡೆ. ಮೆದು ಜೇಡಿಗಲ್ಲು ಇದ್ದಲ್ಲಿ ಇಳಿಜಾರು. ಅದಕ್ಕೇ ಆ ಮೆಟ್ಟಿಲು ಮೆಟ್ಟಿಲಿನ ರೂಪ. ನಮ್ಮ ಮಲೆನಾಡಿನಂತೆ ಮಳೆ ಸುರಿಯುತ್ತಿದ್ದರೆ ಮೂಲೆಗಳೆಲ್ಲ ಸವೆದು ಕಾಡು ಮುಚ್ಚಿಬಿಡುತ್ತಿತ್ತು.

ಅಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ. ಕೆಳಗಿಳಿದಷ್ಟೂ ಹಳತು. ಆದರೆ ತಳದ ಹತ್ತಿರ ಲೆಕ್ಕ ತಪ್ಪುತ್ತದೆ: ಸುಮಾರು 50 ಕೋಟಿ ವರ್ಷದ ಮರಳುಕಲ್ಲಿನ ಕೆಳಗೆ ನೇರವಾಗಿ 170 ಕೋಟಿ ವರ್ಷದ ಕಪ್ಪು ಶಿಲೆ. ನಡುವಿನ ನೂರು ಕೋಟಿಗೂ ಮಿಕ್ಕ ವರ್ಷಗಳ ಪುಟಗಳು ಹರಿದುಹೋಗಿವೆ. ಆ ಕಾಲದಲ್ಲಿ ಏನು ಕೂತಿತ್ತೋ ಅದನ್ನು ಮುಂದಿನ ಪದರ ಬೀಳುವ ಮೊದಲೇ ಸವೆತ ತಿಂದುಹಾಕಿತ್ತು. ಒಂದೇ ತೋಳಿನ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ದೋಣಿಗಳಲ್ಲಿ ಈ ಕಮರಿಯನ್ನು ಹಾದುಹೋದಾಗಲೇ ಈ ಬಿಟ್ಟಜಾಗವನ್ನು ಗಮನಿಸಿದ್ದ.

ಆ ತಳದ ಕಪ್ಪು ಶಿಲೆಯ ಹೆಸರು ವಿಷ್ಣು ಶಿಸ್ಟ್. ಹೌದು, ನಮ್ಮ ವಿಷ್ಣುವೇ. 1880ರ ಸುಮಾರಿಗೆ ಅಲ್ಲಿ ಸರ್ವೆ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಕಮರಿಯೊಳಗಿನ ಶಿಖರಗಳು ಪೂರ್ವದೇಶದ ದೇವಾಲಯಗಳಂತೆ ಕಂಡವು. ನಕಾಶೆಯಲ್ಲಿ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಹುಟ್ಟಿಕೊಂಡವು, ಆಮೇಲೆ ಕಲ್ಲಿಗೂ ವಿಷ್ಣುವಿನ ಹೆಸರು ಬಂತು. ಅಲ್ಲಿನ ಮೂಲನಿವಾಸಿಗಳು ಆ ಶಿಖರಗಳನ್ನು ಏನೆನ್ನುತ್ತಾರೆ ಎಂದು ಡಟನ್ ಕೇಳಿದ್ದರೆ ಚೆನ್ನಾಗಿತ್ತು. ವಯಸ್ಸಿನ ವಿಷಯದಲ್ಲಿ ಮಾತ್ರ ನಮ್ಮವರು ಸುಮ್ಮನೆ ಬೀಗಬಹುದು: ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಸಂಜೆ ವಾಕಿಂಗ್ ಹೋದವರು ಕಾಲು ಚಾಚಿ ಕೂರುವ ಆ ಕಲ್ಲು ಗ್ರ್ಯಾಂಡ್ ಕ್ಯಾನ್ಯನ್‌ನ ತಳಕ್ಕೆ ಅಜ್ಜನ ವಯಸ್ಸಿನದು.

ಕೊಲರಾಡೊ ಎಂದರೆ ಸ್ಪ್ಯಾನಿಷ್‌ನಲ್ಲಿ ಕೆಂಬಣ್ಣದ್ದು. 1963ರಲ್ಲಿ ಮೇಲ್ದಂಡೆಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮೇಲೆ ಕೆಂಪು ಹೂಳೆಲ್ಲ ಅಲ್ಲೇ ಕೂರುತ್ತದೆ. ಅಣೆಕಟ್ಟಿನಿಂದ ಹೊರಬೀಳುವುದು ತಿಳಿಯಾದ ಹಸಿರು ನೀರು. ಕಮರಿ ಕೊರೆದ ಅರವನ್ನೇ ಕಸಿದುಕೊಂಡಂತಾಗಿದೆ.

ನೆಲದೊಳಗೂ ಇದೇ ಕೆಲಸಗಾರ. ಕೆಂಟಕಿಯ ಮ್ಯಾಮತ್ ಗುಹೆ ಇದುವರೆಗೆ ಅಳೆದಷ್ಟೇ 680 ಕಿಲೋಮೀಟರ್ ದಾಟಿದೆ, ಜಗತ್ತಿನ ಅತಿ ಉದ್ದದ ಗುಹೆ. ಮಳೆನೀರು ಗಾಳಿ ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಸೋಡಾದಂತೆ ಹುಳಿಯಾಗಿ ಮೇಲಿಂದ ಇಳಿದು ಸುಣ್ಣಕಲ್ಲನ್ನು ಕರಗಿಸಿತು. ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಗುಹೆಗಳದ್ದು ತಿರುವುಮುರುವು: ಅಲ್ಲಿ ತೈಲದ ಪದರಗಳಿಂದ ಮೇಲೇರಿದ ಕೊಳೆತ ಮೊಟ್ಟೆಯ ವಾಸನೆಯ ಅನಿಲ ನೀರಿನೊಳಗಿನ ಆಮ್ಲಜನಕದ ಜೊತೆ ಸೇರಿ ಗಂಧಕಾಮ್ಲವಾಯಿತು, ಗುಹೆ ಕೆಳಗಿನಿಂದ ಕೊರೆಯಲ್ಪಟ್ಟಿತು. ಹಾಗಾಗಿಯೇ ಅಷ್ಟು ದೊಡ್ಡ ಹಜಾರಗಳು. ಕಲ್ಲು ಬಿಟ್ಟು ಮರಕ್ಕೆ ಬಂದರೂ ನೀರಿನದೇ ಮಾತು. ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ಮರಗಳು 115 ಮೀಟರ್ ಮುಟ್ಟುತ್ತವೆ. ಬೇಸಿಗೆಯಲ್ಲಿ ಅಲ್ಲಿ ಮಳೆ ತೀರಾ ಕಡಿಮೆ. ಸಮುದ್ರದಿಂದ ಬರುವ ಕಾವಳ ಎಲೆಗಳಿಗೆ ತಾಗಿ ಹನಿಯಾಗಿ ಬುಡಕ್ಕೆ ತೊಟ್ಟಿಕ್ಕುತ್ತದೆ, ಸ್ವಲ್ಪವನ್ನು ಎಲೆ ನೇರವಾಗಿ ಕುಡಿಯುತ್ತದೆ. ಬೇರಿನಿಂದ ಮೂವತ್ತೆಂಟು ಮಹಡಿಯೆತ್ತರಕ್ಕೆ ನೀರು ಏರಿಸುವುದು ಕಷ್ಟವಾದಾಗ ಮೇಲಿನಿಂದಲೇ ಸಿಗುವ ಗುಟುಕು ಅದು.

ಕೊನೆಗೆ, ದಾರಿ ಕಾಣದ ನೀರು. ನ್ಯೂ ಮೆಕ್ಸಿಕೋದಲ್ಲೇ ವೈಟ್ ಸ್ಯಾಂಡ್ಸ್ ಎಂಬ ಉದ್ಯಾನವಿದೆ. 2019ರ ಡಿಸೆಂಬರಿನಲ್ಲಷ್ಟೇ ರಾಷ್ಟ್ರೀಯ ಉದ್ಯಾನವಾದದ್ದು. ಸುಮಾರು 710 ಚದರ ಕಿಲೋಮೀಟರ್ ಹರಡಿದ ಬಿಳಿ ಮರಳಿನ ದಿಬ್ಬಗಳ ಒಂದು ಭಾಗ ಅದರೊಳಗಿದೆ. ಇದು ನಮ್ಮ ಹೊಳೆಯ ಮರಳಲ್ಲ, ಜಿಪ್ಸಂ. ಅದನ್ನೇ ಸುಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾಡುತ್ತಾರೆ. ಫಾಲ್ಸ್ ಸೀಲಿಂಗಿನಿಂದ ಹಿಡಿದು ಕೆರೆಗೆ ಬಿಡಬೇಡಿ ಎಂದು ಪ್ರತಿ ವರ್ಷ ಹೇಳಿಸಿಕೊಳ್ಳುವ ಗಣಪತಿಯವರೆಗೆ ಎಲ್ಲದಕ್ಕೂ ಅದೇ ಪುಡಿ. ಜಿಪ್ಸಂ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಎಲ್ಲ ಕಡೆ ನದಿಗಳು ಅದನ್ನು ಸಮುದ್ರಕ್ಕೆ ಒಯ್ದುಬಿಡುತ್ತವೆ. ಇಲ್ಲಿಯ ಕಣಿವೆಗೆ ಹೊರದಾರಿಯಿಲ್ಲ. ಬೆಟ್ಟದಿಂದ ಜಿಪ್ಸಂ ಕರಗಿಸಿಕೊಂಡು ಬಂದ ನೀರು ತಗ್ಗಿನ ಕೆರೆಯಲ್ಲಿ ನಿಂತು ಆರುತ್ತದೆ, ಹರಳು ಉಳಿಯುತ್ತದೆ, ಗಾಳಿ ಅದನ್ನು ಪುಡಿ ಮಾಡಿ ದಿಬ್ಬ ಕಟ್ಟುತ್ತದೆ. ಆ ದಿಬ್ಬಗಳು ಪೂರ್ತಿ ಹಾರಿಹೋಗದಂತೆ ಹಿಡಿದಿಟ್ಟಿರುವುದೂ ನೆಲದ ಸ್ವಲ್ಪವೇ ಕೆಳಗಿರುವ ತೇವ. ಮಧ್ಯಾಹ್ನದ ಬಿಸಿಲಲ್ಲೂ ಬರಿಗಾಲಲ್ಲಿ ನಡೆಯಬಹುದು, ಕಾಲು ಸುಡುವುದಿಲ್ಲ.

ಇಲ್ಲೊಂದು ಕಾಲದಲ್ಲಿ ದೊಡ್ಡ ಸರೋವರವಿತ್ತು. ಅದರ ದಡದ ಕೆಸರಿನಲ್ಲಿ ಮೂಡಿದ ಮನುಷ್ಯರ ಹೆಜ್ಜೆಗಳು 21,000ದಿಂದ 23,000 ವರ್ಷ ಹಳೆಯವು ಎಂದು 2021ರಲ್ಲಿ ಪ್ರಕಟವಾದಾಗ, ಅಮೆರಿಕ ಖಂಡಕ್ಕೆ ಜನ ಬಂದ ಕಾಲದ ಲೆಕ್ಕವನ್ನೇ ಅನೇಕರು ಮತ್ತೆ ಹಾಕಬೇಕಾಯಿತು. ಅದೇ ಬಯಲಿನಲ್ಲಿ ಹತ್ತು ಸಾವಿರ ವರ್ಷಗಳಿಗೂ ಹಿಂದಿನ ಇನ್ನೊಂದು ಜಾಡಿದೆ. ಒಬ್ಬ ಹೆಂಗಸೋ ಹದಿಹರೆಯದವನೋ ಕಂಕುಳಲ್ಲಿ ಮಗು ಹೊತ್ತು ಅವಸರದಿಂದ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಮಗುವಿಲ್ಲದೆ ಅದೇ ದಾರಿಯಲ್ಲಿ ಮರಳಿದ ಹೆಜ್ಜೆಗಳು. ಅಲ್ಲಲ್ಲಿ ಕೆಳಗಿಳಿಸಿ ದಣಿವಾರಿಸಿಕೊಂಡ ಕಡೆ ಪುಟ್ಟ ಪಾದದ ಗುರುತು. ಅವರು ಹೋಗಿ ಬರುವುದರ ನಡುವೆ ಮ್ಯಾಮತ್ ಎಂಬ, ಈಗ ಅಳಿದುಹೋದ ದೈತ್ಯ ಆನೆಯೊಂದು ಆ ದಾರಿಗೆ ಅಡ್ಡ ಹಾದುಹೋಗಿದೆ. ಈ ಹೆಜ್ಜೆಗಳಲ್ಲಿ ಹಲವು ಯಾವಾಗಲೂ ಕಾಣುವುದಿಲ್ಲ. ಮಳೆ ಬಿದ್ದು ನೆಲ ಆರುವಾಗ ಹೆಜ್ಜೆ ತುಂಬಿದ ಮಣ್ಣು ಒಂದು ವೇಗದಲ್ಲಿ, ಸುತ್ತಲಿನದು ಇನ್ನೊಂದು ವೇಗದಲ್ಲಿ ಒಣಗುತ್ತದೆ. ಆ ಸ್ವಲ್ಪ ಹೊತ್ತು ಬಯಲಿನ ಮೇಲೆ ಕಪ್ಪಗೆ ಸಾಲು ಪಾದಗಳು ಎದ್ದು ತೋರುತ್ತವೆ, ಪೂರ್ತಿ ಒಣಗಿದಾಗ ಮತ್ತೆ ಬರೀ ಬಿಳಿ ನೆಲ.